ಕಿತ್ತ ನಾಲ್ಕು ಹಾಳೆ

ಸತ್ತೂರು, ಧಾರವಾಡ
13 ಜುಲೈ 2025

ಪ್ರೀತಿಯ ಗುಲ್ನಾಜ,

ಒಂದೇ ಊರಲ್ಲಿದ್ದು ಪತ್ರವೇಕೆ ಎನ್ನಬೇಡ. ಫೋನಿನಲ್ಲಿ ನೀನು ಮಾತು ಶುರು ಮಾಡಿದರೆ ನಾನು ಸುಮ್ಮನಾಗಿಬಿಡುತ್ತೇನೆ.

ನಿನ್ನೆ ವಾಣಿಶ್ರೀ ಶಾಲೆಯಿಂದ ಬಂದವಳೇ ನಿನ್ನ ಪಾಠದ ಸುದ್ದಿ ತೆಗೆದಳು. ವಿಕ್ಟೋರಿಯಾ ರಾಣಿಯ ಕಾಲದ ಆ ಇಂಗ್ಲಿಷ್ ಕಾದಂಬರಿಯನ್ನೇ ಈಗ ಅವಳ ತರಗತಿಗೆ ಹೇಳುತ್ತಿದ್ದೀಯಂತೆ. ಚಿಕ್ಕಮ್ಮನ ಕಪಾಟಿನ ಕೀಲಿ ಕದ್ದ ಹುಡುಗ ಬಾಯಿ ಬಿಡುವುದಿಲ್ಲ, ಅಪವಾದ ಕೆಲಸದವಳ ಮೇಲೆ ಬರುತ್ತದೆ, ಪೊಲೀಸಿನವನು ಮೆಟ್ಟಿಲು ಹತ್ತುತ್ತಾನೆ. ಅಲ್ಲಿಗೆ ನಿಲ್ಲಿಸಿ, ಚಿಕ್ಕಂದಿನಲ್ಲಿ ಮುಂದಿನ ಹಾಳೆ ಹರಿದ ಆರೋಪ ನಿನ್ನ ಮೇಲೆ ಬಂದದ್ದನ್ನೂ ಹೇಳಿದೆಯಂತೆ. "ಮಮ್ಮಿ, ನೀವಿಬ್ರೂ ಒಂದ ಕ್ಲಾಸಲ್ಲ? ಹರದಾಕಿ ಯಾರು?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ನಿಂಗೇನ್ ಗೊತ್ತಿರತೈತಿ ಬಿಡು. ಗುಲ್ನಾಜ ಟೀಚರಗತೆ ಕತಿ ಹೇಳಾಕೂ ಬರೂದಿಲ್ಲ" ಎಂದು ನಕ್ಕಳು.

ಹರಿದವಳು ನಾನು.

ಎಂಟನೇ ತರಗತಿಯಲ್ಲಿ ನಮಗಿದ್ದದ್ದು ಶಾಲೆಯ ಗ್ರಂಥಾಲಯದ ಒಂದೇ ಪ್ರತಿ. ಒಂದು ವಾರ ನಾನು, ಒಂದು ವಾರ ನೀನು ಮನೆಗೆ ಒಯ್ದು ಓದಿ, ಶನಿವಾರ ಎಲ್ಲರಿಗೂ ಕನ್ನಡದಲ್ಲಿ ಹೇಳಬೇಕು. ನಾನು ಹೇಳುವಾಗ ಹುಡುಗಿಯರು ರಿಬ್ಬನ್ ಬಿಚ್ಚಿ ಕಟ್ಟುತ್ತಿದ್ದರು. ನೀನು ಹೇಳುವಾಗ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಆ ಶನಿವಾರ ನೀನು ತಡವರಿಸಲಿ ಎಂದು ನಾಲ್ಕು ಹಾಳೆ ಕಿತ್ತು ಪುಸ್ತಕ ನಿನ್ನ ಕೈಗೆ ಕೊಟ್ಟೆ. ನೀನು ತಡವರಿಸಲಿಲ್ಲ. ಇಲ್ಲದ ಕತೆಯನ್ನು ನೀನೇ ಕಟ್ಟಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಬೇಕಾಯಿತು.

ಸೋಮವಾರ ಪುಸ್ತಕ ಮರಳಿದಾಗ ಗ್ರಂಥಾಲಯದ ಬಾಯಾರು ಹಾಳೆ ಇಲ್ಲದ್ದನ್ನು ಕಂಡು ರಿಜಿಸ್ಟರಿನಲ್ಲಿ ಕೊನೆಯ ಹೆಸರು ನೋಡಿದರು, ಅದು ನಿನ್ನದು. ನಿನಗೆ ಎರಡು ವರ್ಷ ಪುಸ್ತಕ ಬಂದ್. ಕಮರಿಪೇಟೆಯ ಗಡಿಯಾರ ರಿಪೇರಿ ಅಂಗಡಿ ಮುಚ್ಚಿ ಬಂದ ನಿಮ್ಮ ಅಬ್ಬಾ, "ನನ್ನ ಮಗಳು ಹಾಳಿ ಹರಿಯಾಕಿ ಅಲ್ರಿ ಬಾಯಾರ" ಎನ್ನುತ್ತ ನಿಂತೇ ಇದ್ದರು. ನಾನು ಬಾಗಿಲ ಹೊರಗಿದ್ದೆ. ಪುಸ್ತಕ ಬಂದದ್ದು ಸೌಮ್ಯಾಳ ಕೈಯಿಂದ ಎಂದು ನೀನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆ ದೊಡ್ಡತನಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಅಬ್ಬಾ ಈಗಿಲ್ಲ. ಅವರ ಮುಂದೆ ಒಪ್ಪಿಕೊಳ್ಳುವುದು ತಪ್ಪಿಹೋಯಿತು. ನಿನ್ನ ಕ್ಷಮೆ ಕೇಳಲೆಂದೇ ಬರೆಯಲು ಕೂತೆ. ಆದರೆ ನನ್ನ ಮಗಳು ನಿನ್ನ ಹೆಸರೆತ್ತಿದಾಗ ಅವಳ ಮುಖ ಅರಳುವುದನ್ನು ಇವತ್ತಿಗೂ ನನಗೆ ನೋಡಲಾಗುವುದಿಲ್ಲ. ಇದನ್ನೂ ಬರೆಯದಿದ್ದರೆ ಮತ್ತೆ ಸುಳ್ಳು ಹೇಳಿದಂತೆ.

ನಿನ್ನ
ಸೌಮ್ಯಾ

ತಾ.ಕ.: ವಾಣಿಶ್ರೀಗೆ ಬಾಯಿಬಿಟ್ಟು ಹೇಳಲು ನನಗೆ ಧೈರ್ಯವಾಗಲಿಲ್ಲ. ನಾಳೆ ಈ ಪತ್ರ ತರುವವಳು ಅವಳೇ. ಲಕೋಟೆ ಅಂಟಿಸಿಲ್ಲ. "ದಾರ್ಯಾಗ ತಗದು ಓದಬ್ಯಾಡ ಮತ್ತ" ಎಂದಿದ್ದೇನೆ. ಖಂಡಿತ ಓದುತ್ತಾಳೆ.