ಏಳನೇ ನಡೆಯ ಕುದುರೆ

ಜೂನ್ 12, ಬೆಳಗ್ಗೆ 6

ಮಾತ್ರೆ ನುಂಗಿದೆ. ಬೋರ್ಡು ಒರೆಸಿ ಕಾಯಿ ಜೋಡಿಸಿದೆ. ಗಡಿಯಾರ ರಿಪೇರಿ ಅಂಗಡಿಗೆ ಎರಡು ದಿನ ರಜೆ. ನಾಳೆ ಕ್ಲಬ್ಬಿನ ಚೆಸ್ ಟೂರ್ನಮೆಂಟಿನ ಕೊನೆಯ ಸುತ್ತು. ಎದುರಾಳಿ — ತಮ್ಮ.

ಮಾತು ಬಿಟ್ಟು ಹನ್ನೊಂದು ವರ್ಷ. ನಾವಿಬ್ಬರೂ ಸೇರಿ ಕಟ್ಟಿದ ಓಪನಿಂಗು, ಅಂದರೆ ಆಟದ ಆರಂಭದ ನಡೆಗಳ ಸರಣಿ, ಅದರ ಏಳನೇ ನಡೆ, ಕುದುರೆಯನ್ನು ಬೋರ್ಡಿನ ಅಂಚಿಗೆ ಒಯ್ಯುವುದು — ಅದನ್ನು ಅವನು ತನ್ನದೆಂದು ಕ್ಲಬ್ಬಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ದಿನದಿಂದ. ಕಳ್ಳ. ಆ ನಡೆ ನನ್ನದು. ಈ ಡೈರಿಯಲ್ಲೂ ಹಾಗೆಯೇ ಬರೆಯುತ್ತೇನೆ.

ಕಾರ್ಯದರ್ಶಿಗೂ ಸಾಕಾಗಿದೆ. "ಗೆದ್ದವರ ಹೆಸರೇ ಆ ಓಪನಿಂಗಿಗೆ. ಗೋಡೆ ಮೇಲೆ ಬರೆಸಿಬಿಡ್ತೀನಿ. ಆಮೇಲೆ ಇಬ್ರೂ ಬಾಯಿ ಮುಚ್ಕೋಬೇಕು."

ಜೂನ್ 13, ಸಂಜೆ

ಕೈ ಕುಲುಕಲು ಎರಡೇ ಬೆರಳು ಚಾಚಿದ. ಅಣ್ಣ ಎನ್ನಲಿಲ್ಲ.

"ನಡೆಸಿ, ರಿಪೇರಿ ಮೇಷ್ಟ್ರೇ. ಏಳನೇದು ಮರೆತಿದ್ರೆ ನನ್ನ ಲೇಖನ ಓದ್ಕೊಳ್ಳಿ."

"ಕುದುರೆ ಯಾವ್ದು ಕತ್ತೆ ಯಾವ್ದು ಅಂತ ನಿನಗೆ ಕಲಿಸಿದವನೇ ನಾನು ಕಣೋ."

ತೀರ್ಪುಗಾರ್ತಿ ಮೇಜು ಕುಟ್ಟಿದಳು.

ಬಿಳಿ ನನ್ನದು. ಏಳನೇ ನಡೆ... ಕುದುರೆ ಅಂಚಿಗೆ. ಅವನು ಹಲ್ಲು ಕಿರಿದ. ನಲವತ್ತನೇ ನಡೆಯ ಹೊತ್ತಿಗೆ ಅವನ ರಾಣಿ ನನ್ನ ರಾಜನ ಬೆನ್ನು ಹತ್ತಿತ್ತು. ಚೆಕ್. ಸರಿದೆ. ಚೆಕ್. ಹಿಂದಕ್ಕೆ ಬಂದೆ. ಅವನು ಚೆಕ್ ನಿಲ್ಲಿಸಿದರೆ ಅವನಿಗೆ ಸೋಲು, ನಾನು ಬೇರೆ ಮನೆಗೆ ಹೋದರೆ ನನಗೆ. ಇಬ್ಬರೂ ಜಗ್ಗಲಿಲ್ಲ. ಅದೇ ಸ್ಥಿತಿ ಮೂರನೇ ಸಲ. ನಿಯಮದಂತೆ ಡ್ರಾ.

"ಈಗ ಗೋಡೆ ಮೇಲೆ ಏನ್ ಬರೆಸ್ಲಿ, ನನ್ನ ತಲೆ?" ಎಂದರು ಕಾರ್ಯದರ್ಶಿ. "ಆ ನಡೆ ಹುಟ್ಟಿದಾಗ ನಿಮ್ಮಕ್ಕ ಮನೇಲೇ ಇದ್ರಲ್ಲ, ಅವರನ್ನೇ ಕೇಳ್ತೀನಿ."

"ಬೇಡ!" ಎಂದೆವು. ಇಬ್ಬರೂ ಒಟ್ಟಿಗೆ.

ಜೂನ್ 17

ಕಾರ್ಯದರ್ಶಿ ಕೇಳಿಯೇಬಿಟ್ಟಿದ್ದಾರೆ. ಅಕ್ಕನ ಫೋನು.

"ನಾಚಿಕೆ ಆಗಲ್ವೇನೋ? ಅವತ್ತು ನೀವಿಬ್ರೂ ಆ ಏಳನೇ ನಡೆ ಹುಡುಕ್ತಾ ಬೋರ್ಡ್ ಮುಂದೆ ತಲೆ ಕೆರ್ಕೊಂಡು ಕೂತು, ದಾರಿ ಕಾಣದೆ ಊಟಕ್ಕೆ ಎದ್ರಿ. ಧೂಳು ಒರೆಸೋವಾಗ ಕುದುರೆ ಬಿತ್ತು. ಎಲ್ಲಿತ್ತೋ ಯಾರಿಗೆ ಗೊತ್ತು, ಅಂಚಲ್ಲಿಟ್ಟೆ."

ನಾನಿಟ್ಟದ್ದಲ್ಲ ಎಂದು ನನಗೆ ಅಂದೇ ಗೊತ್ತಿತ್ತು. ತಮ್ಮ ಇಟ್ಟನೆಂದುಕೊಂಡಿದ್ದೆ. ಅವನದನ್ನು ಕದ್ದು, ಅವನನ್ನೇ ಕಳ್ಳ ಎಂದೆ — ಹನ್ನೊಂದು ವರ್ಷ.

"ಅವನೂ ಹಂಗೇ ಕಣೋ," ಎಂದಳು. "ಅಣ್ಣನದನ್ನ ಕದ್ದೆ ಅಂದ್ಕೊಂಡಿದ್ನಂತೆ. ಕಳ್ಳರಿಬ್ಬರೂ ಸೇರಿ ನನ್ನ ಮನೆಗೇ ಕನ್ನ ಹಾಕಿದೀರಿ."

ಜೂನ್ 18, ಬೆಳಗ್ಗೆ 10

ಗೇಟಿನ ಸದ್ದು. ತಮ್ಮ. ಬಗಲಲ್ಲಿ ಬೋರ್ಡು, ಮುಖ ಇನ್ನೂ ಗಂಟು. ನನ್ನದೂ ಸಡಿಲವಾಗಿಲ್ಲ. ಮೊದಲು ಒಪ್ಪಿಕೊಳ್ಳುವವರು ಯಾರು? ಬೆಲ್ ಒತ್ತದೆ ಸುಮ್ಮನೆ ನಿಂತಿದ್ದಾನೆ. ಬಿಳಿ ನನ್ನದಾಗಿತ್ತು, ಮೊದಲ ನಡೆ ನನ್ನದೇ... ಎದ್ದು ಚಿಲಕ ತೆಗೆಯುತ್ತೇನೆ.