ಬೆಣ್ಣೆಗೆ ಹೊಲಿದ ಕಾಲರ್

ಮಂಗಳವಾರ, ಮಾರ್ಚ್ ೧೧

ನಮ್ಮ ಮೊಲ ಬೆಣ್ಣೆ ಬೆಳಗಿನಿಂದ ಒಂದು ಹಿಕ್ಕೆಯನ್ನೂ ಹಾಕಿಲ್ಲ. ಹಿಕ್ಕೆಗಾಗಿ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಅದು ತನ್ನ ಹಿಕ್ಕೆಯನ್ನೇ ತಿನ್ನುವುದನ್ನು ಅತ್ತೆ ಹೋದ ವಾರ ನೋಡಿದರು. "ಥೂ! ಇದಕ್ಕೇನು ನಾವು ಹೊಟ್ಟೆಗೆ ಹಾಕಲ್ವಾ?" ಎಂದವರೇ ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಿ ಹಿಂದಕ್ಕೆ ಎಟುಕದಂತೆ ದಪ್ಪ ಬಟ್ಟೆಯ ಅಗಲ ಕಾಲರ್ ಹೊಲಿದು ತೊಡಿಸಿದರು. ಅಂಚಿಗೆ ನೀಲಿ ಪಟ್ಟಿ ಬೇರೆ! ಆಮೇಲೆ ಬೆಣ್ಣೆ ಹುಲ್ಲು ಬಿಟ್ಟು, ಗೂಡಿನಲ್ಲಿ ಹಾಸಿದ್ದ ಮರದ ಹೊಟ್ಟನ್ನೇ ಮುಕ್ಕತೊಡಗಿತು.

ಇವತ್ತು ಒಯ್ದು ತೋರಿಸಿದಾಗ ಪ್ರಾಣಿಗಳ ಡಾಕ್ಟರು ಮೊದಲು ಕಾಲರ್ ಬಿಚ್ಚಿದರು. "ಆ ಮೆತ್ತನೆ ಹಿಕ್ಕೆ ಅದರ ಎರಡನೇ ಊಟ ಕಣಮ್ಮಾ. ಅದನ್ನ ತಪ್ಪಿಸಿದ್ರಿ, ಸಿಕ್ಕಿದ್ದೆಲ್ಲ ತಿಂದಿದೆ. ರಾತ್ರಿಯೊಳಗೆ ಕರುಳು ಆಡದಿದ್ರೆ ಕಷ್ಟ."

ಮನೆಗೆ ಬಂದು ಅತ್ತೆಗೆ ಡಾಕ್ಟರು ಕೊಟ್ಟ ಔಷಧಿಯ ವಿಷಯವಷ್ಟೇ ಹೇಳಿದೆ. ಕಾಲರ್ ನನ್ನ ಕೈಚೀಲದಲ್ಲಿದೆ. ಅದೆಲ್ಲಿ ಎಂದು ಅವರು ಕೇಳಲೂ ಇಲ್ಲ. ಕೇಳಿ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇದನ್ನು ಗೂಡಿನ ಪಕ್ಕದಲ್ಲೇ ಬರೆಯುತ್ತಿದ್ದೇನೆ. ಬೆಣ್ಣೆ ಮೂಲೆಯಲ್ಲಿ ಮುದುಡಿ ಕೂತಿದೆ. ಈಗಷ್ಟೇ ಅತ್ತೆ ಬಂದರು. ಅದರ ಬರಿಗೊರಳನ್ನೇ ನೋಡುತ್ತ ನಿಂತರು. "ನನ್ನಿಂದಾನೇ ಅಲ್ವಾ?" ಎಂದರು.

ಮಂಡಿನೋವಿದ್ದರೂ ಅತ್ತೆ ಗೋಡೆ ಹಿಡಿದು ನೆಲಕ್ಕೆ ಕೂತರು. ಸರಳುಗಳಿಗೆ ಮುಖ ತಾಗಿಸಿ ಪಿಸುಗುಟ್ಟಿದರು: "ತಿನ್ನೇ ತಾಯಿ. ಬೇಕಾದ್ರೆ ನಾನು ಆ ಕಡೆ ತಿರುಗಿ ಕೂರ್ತೀನಿ, ತಿನ್ನು."

ತಿರುಗಿ ಕೂತೂಬಿಟ್ಟರು.