ಆ ಸೀನಿನ ಉಸಿರು

೫ ನವೆಂಬರ್ ೨೦೨೨, ಶನಿವಾರ. ರಾಂಚೊ ಬರ್ನಾರ್ಡೊ, ಅಮೆರಿಕ

ಇವತ್ತು ಗೆಳತಿ ಹೈಮಾ ಮನೆಗೆ ಹೋಗಲೇಬಾರದಿತ್ತು. ಬೆಂಗಳೂರು ತೆಲುಗಿನವಳು, ಊಟ ಆದಮೇಲೆ ತೆಲುಗು ಸಿನಿಮಾ ಪ್ರಶಸ್ತಿ ಸಮಾರಂಭ ಟಿವಿಗೆ ಹಾಕಿದಳು. ಅತ್ಯುತ್ತಮ ನಟಿ ಯಾರೆಂದು ಹೇಳಿ, ಆಕೆ ಆಸ್ಪತ್ರೆಯಲ್ಲಿ ಸಾಯುವ ಸೀನ್ ತೋರಿಸಿದರು.

ಮುಖ ಆಕೆಯದು, ದನಿ ನಮ್ಮ ಊರ್ಮಿಳಕ್ಕನದು. ಆ ನಟಿಗೆ ತೆಲುಗು ಬರಲ್ಲ. ಬಳ್ಳಾರಿಯಲ್ಲಿ ಬೆಳೆದ ಅಕ್ಕನೇ ಆಕೆಗೆ ಡಬ್ಬಿಂಗ್ ಮಾಡುತ್ತಿದ್ದದ್ದು. ಮಾತು, ಅಳು, ಏದುಸಿರು, ಎಲ್ಲ.

"ಆ ಉಸಿರು ನೋಡ್ರೀ, ಏನ್ ಆಕ್ಟಿಂಗು!" ಅಂತ ಹೈಮಾ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು.

ಆಕ್ಟಿಂಗಂತೆ! ಕೋವಿಡ್ ಬಂದುಹೋದ ಮೇಲೆ ಅಕ್ಕನಿಗೆ ಮೆಟ್ಟಿಲು ಹತ್ತೋಕೂ ಆಗುತ್ತಿರಲಿಲ್ಲ. "ಸಾಯೋ ಸೀನು ಒಂದೇ ಟೇಕಲ್ಲಿ ಓಕೆ ಆಯ್ತು ಕಣೇ. ನಾನೇನೂ ಮಾಡ್ಲಿಲ್ಲ, ಉಸಿರೇ ಸಿಗ್ತಿರ್ಲಿಲ್ಲ" ಅಂತ ಫೋನಲ್ಲಿ ನಕ್ಕಿದ್ದಳು. ಅದೇ ತಿಂಗಳು ಹೋಗಿಬಿಟ್ಟಳು. ಆಗ ಇಲ್ಲಿಂದ ಊರಿಗೆ ವಿಮಾನ ಇರಲಿಲ್ಲ, ಕೊನೇ ಗಳಿಗೆಯಲ್ಲಿ ನಾನು ಹತ್ತಿರ ಇರಲಿಲ್ಲ. ಇವತ್ತು ಅದನ್ನ ಎರಡು ಸಲ ಕೇಳಿದೆ.

ನಟಿ ವೇದಿಕೆ ಹತ್ತಿ ಇಂಗ್ಲಿಷಲ್ಲಿ ಥ್ಯಾಂಕ್ಸ್ ಹೇಳಿದಾಗ ಬೇರೆ ಯಾರದೋ ದನಿ ಬಂತು. ಅಕ್ಕ ಎಲ್ಲಿ ಹೋದಳು ಅಂತ ಒಂದು ಕ್ಷಣ ಟಿವಿಯಲ್ಲೇ ಹುಡುಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ವಾಪಸ್ ಬರುವಾಗ ಹಿಂದಿನ ಸೀಟಿಂದ ಮಗಳು ಸಿಂಧೂರ ಕೇಳಿದಳು: "ಅಮ್ಮಾ, ದಟ್ ವಾಸ್ ದೊಡ್ಡಮ್ಮ. ಶೀ ವಾಸ್ ಆಕ್ಟಿಂಗ್, ರೈಟ್?"

ಹೂಂ ಪುಟ್ಟಾ, ಅಂದೆ.

ಮನೆ ಬರೋವರೆಗೂ ಅವಳು ಕತ್ತಲಲ್ಲಿ ಕೂತು ಆ ಉಸಿರನ್ನ ಅಭ್ಯಾಸ ಮಾಡುತ್ತಿದ್ದಳು. ಥೇಟ್ ಅಕ್ಕ. ಹಿಂದೆ ತಿರುಗಿ ನೋಡೋಕೆ ನನಗೆ ಧೈರ್ಯ ಬರಲಿಲ್ಲ.